ಮುಖ ಬೇಡ, ಮೊಣಕೈ ಸಾಕು

ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಒಂದು ಫ್ಲೆಕ್ಸ್, ಉದ್ಯಾವರದ ಸೇತುವೆ ದಾಟಿದ ಮೇಲೆ ಇನ್ನೊಂದು. ಎರಡರಲ್ಲೂ ಅದೇ ಮುಖ, ಅದೇ ಅರೆನಗು, ಕಿವಿಯ ಹಿಂದೆ ಅದೇ ಶಾಲೆಯ ಗೇಟಿನ ಕಂಬಿ. ಕಾಪುವಿನದರಲ್ಲಿ ‘ಪಕ್ಷದ ನಿಷ್ಠಾವಂತ ಕಾರ್ಯಕರ್ತ’ ಎಂದಿದೆ. ಉದ್ಯಾವರದ್ದರಲ್ಲಿ ‘ಪಕ್ಷಭೇದ ಮರೆತ ರಕ್ತದಾನಿ’ ಎಂದಿದೆ; ಅದನ್ನು ಹಾಕಿಸಿದವರು ಎದುರು ಪಕ್ಷದವರು. ಮೊದಲನೆಯದರಲ್ಲಿ ಎದೆಯ ಮೇಲಿನ ಬ್ಯಾಡ್ಜ್ ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಆ ಜಾಗಕ್ಕೆ ಒಂದು ರಕ್ತದ ಹನಿಯ ಚಿತ್ರ ಅಂಟಿಸಿದ್ದಾರೆ. ಎರಡೂ ಒಂದೇ ಭಾನುವಾರ, ಅವರ ನೆನಪಿನ ಬೇರೆ ಬೇರೆ ರಕ್ತದಾನ ಶಿಬಿರಗಳಿಗೆ ಕರೆದವು; ಶಿಬಿರ ಮುಗಿದರೂ ಇಳಿಸಿಲ್ಲ.

ನಾನು ದಿನಾ ಶಾಲೆಗೆ ಹೋಗುವ ಬಸ್ಸು ಎರಡನ್ನೂ ದಾಟುತ್ತದೆ. ಇದರಿಂದ ಒಂದು ತೊಂದರೆಯಾಗಿದೆ. ಅವರ ಬಗ್ಗೆ ಬರೆಯೋಣವೆಂದು ಕೂತವಳು ‘ಬಿಳಿ ಅಂಗಿಯ, ಅರೆನಗುವಿನ ಮನುಷ್ಯ’ ಎಂದು ಶುರುಮಾಡಿಬಿಟ್ಟೆ. ಆಮೇಲೆ ಹೊಡೆದುಹಾಕಿದೆ. ಅವರು ಬಿಳಿ ಅಂಗಿ ಹಾಕಿದ್ದನ್ನು ನಾನು ಕಂಡದ್ದು ಆ ಫೋಟೋ ತೆಗೆದ ಒಂದು ದಿನ ಮಾತ್ರ. ಉಳಿದಂತೆ ಖಾಕಿಯೂ ಅಲ್ಲದ ಕಂದೂ ಅಲ್ಲದ, ಬೆನ್ನಿನಲ್ಲಿ ಬೆವರಿನ ನಕ್ಷೆ ಮೂಡಿದ ಒಂದು ಅಂಗಿ. ನಗು ಅಪರೂಪ, ನಕ್ಕರೆ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ, ಕೆಮ್ಮು ಬರುವ ತನಕ ನಗುತ್ತಿದ್ದರು. ಸತ್ತವರನ್ನು ಫ್ಲೆಕ್ಸಿನವರು ಎಷ್ಟು ಬೇಗ ಕೈವಶ ಮಾಡಿಕೊಳ್ಳುತ್ತಾರೆಂದರೆ, ಕಣ್ಣಾರೆ ಕಂಡವರೂ ಫ್ಲೆಕ್ಸನ್ನೇ ನೆನಪಿಸಿಕೊಳ್ಳತೊಡಗುತ್ತಾರೆ. ಹಾಗಾಗಿ ನನಗೆ ಖಚಿತವಿರುವುದನ್ನು ಖಚಿತವೆಂದು ಬರೆಯುತ್ತೇನೆ, ಇಲ್ಲದ ಕಡೆ ಇಲ್ಲ ಎನ್ನುತ್ತೇನೆ. ಅವರದು ಯಾವ ಪಕ್ಷ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ಅವರನ್ನು ಸಂತನನ್ನಾಗಿ ಮಾಡುತ್ತಾರೆ, ಉಳಿದವರು ಇಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಬೂತಿನಲ್ಲಿ ಯಾವಾಗಲೂ ಸೋಲುವ ಪಕ್ಷ ಎಂದು ತಿಳಿದರೆ ಸಾಕು.

ಅವರು ಮಣಿಪಾಲದ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದರು. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೂ ಹೊರಡುವ ನಿಮಿಷ ನಿಗದಿ. ಒಂದು ಬಸ್ಸು ಜಾಸ್ತಿ ನಿಂತು ಹಿಂದಿನ ಬಸ್ಸಿನ ಜನರನ್ನೂ ತುಂಬಿಸಿಕೊಂಡರೆ ಜಗಳ. ಅದಕ್ಕಾಗಿ ಮಾಲಕರೆಲ್ಲ ಸೇರಿ ಒಬ್ಬರನ್ನು ನಿಲ್ದಾಣದಲ್ಲಿ ಇಡುತ್ತಾರೆ. ಅವರ ಕೈಯಲ್ಲಿ ವಿಸಿಲ್, ಬಾಯಲ್ಲಿ ಬೈಗಳು. ಕಾರ್ಕಳದಿಂದ ಬಂದ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಇವರು ಬಾಗಿಲ ತಗಡಿಗೆ ಬಡಿಯುತ್ತಿದ್ದರು.

‘ಪೋಯಿ, ಪೋಯಿ, ಹೊರಡು. ಎಂತ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ ನೀನು? ಚಾ ತಿಂಡಿ ತರ್ಬೇಕಾ?’

ಎಲ್ಲರೂ ಅವರನ್ನು ಟೈಮಣ್ಣ ಎಂದು ಕರೆಯುತ್ತಿದ್ದರು. ಸ್ವಂತಕ್ಕೆ ಒಂದು ಸೈಕಲ್ಲೂ ಇರಲಿಲ್ಲ. ಕೇಳಿದರೆ, ‘ನನ್ನ ಹತ್ರ ಇಷ್ಟು ಬಸ್ಸು ಉಂಟು. ಮತ್ತೆ ಸ್ಕೂಟರ್ ಯಾಕೆ?’ ಎನ್ನುತ್ತಿದ್ದರು. ಈ ಮಾತನ್ನು ಅವರು ನಿಜವಾಗಿಯೂ ನಂಬಿದ್ದರು.

ಮಣಿಪಾಲಕ್ಕೆ ಬಸ್ಸಿನಲ್ಲಿ ಬರುವವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆಯವರು. ಘಟ್ಟದ ಮೇಲಿನಿಂದ, ಕೇರಳದಿಂದ, ಎಕ್ಸ್‌ರೇ ಕವರು ಹಿಡಿದುಕೊಂಡು ಇಳಿಯುತ್ತಾರೆ. ಭಾಷೆ ಗೊತ್ತಿಲ್ಲ, ಊರು ಗೊತ್ತಿಲ್ಲ, ನಾಳೆ ಆಪರೇಷನ್, ರಕ್ತ ಕೊಡುವವರನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿರುತ್ತಾರೆ. ಅವರಿಗೆ ನಿಲ್ದಾಣದಲ್ಲಿ ಕಾಣುವ ಮೊದಲ ಅಧಿಕಾರಿ ಎಂದರೆ ವಿಸಿಲ್ ಹಿಡಿದ ಈ ಮನುಷ್ಯ. ಇವರು ಬಸ್ಸಿನ ಮೆಟ್ಟಿಲು ಹತ್ತಿ ಒಳಗೆ ಕೂಗುತ್ತಿದ್ದರು: ‘ಒ ಪಾಸಿಟಿವ್ ಯಾರಾದ್ರೂ ಉಂಟಾ? ತಿಂಡಿ ತಿಂದವರು, ಜ್ವರ ಇಲ್ಲದವರು?’ ನಾನು ಅವರಿಗೆ ಪರಿಚಯವಾದದ್ದು ಹಾಗೆ ಕೈಯೆತ್ತಿ. ಅಂದು ಶಾಲೆಗೆ ತಡವಾಯಿತು; ಮುಂದಿನ ಬಸ್ಸಿನ ಡ್ರೈವರ್ ಪಕ್ಕದ ಸೀಟಿನಲ್ಲಿ ನನ್ನನ್ನು ಕೂರಿಸಿ, ‘ಟೀಚರನ್ನು ಗೇಟಿನ ಎದುರೇ ಇಳಿಸ್ಬೇಕು’ ಎಂದು ಆಜ್ಞೆ ಮಾಡಿದರು. ನಾನೂ ಅವರೂ ಕಾಪುವಿನ ಪಕ್ಕದ ಒಂದೇ ಊರಿನವರು, ಒಂದೇ ಬೂತಿನ ಮತದಾರರು ಎಂದು ಗೊತ್ತಾದದ್ದು ಆಮೇಲೆ.

ಫೋನುಗಳು ಬಂದ ಮೇಲೆ ಈ ಕೂಗು ವಾಟ್ಸಾಪ್ ಗುಂಪಾಯಿತು. ‘ನೆತ್ತರ ನೆಂಟರು’ ಎಂದು ಹೆಸರಿಡೋಣ ಎಂದೆ.

‘ಟೀಚರೇ, ಬಸ್ಸಿಗೆ ಬೋರ್ಡು ಹಾಕುದು ಊರಿನ ಹೆಸರು. ಅದಕ್ಕೆ ಯಾರಾದ್ರೂ ಪದ್ಯ ಬರೀತಾರಾ?’

‘ರಕ್ತ ಮಣಿಪಾಲ’ ಎಂದು ಹೆಸರಿಟ್ಟರು. ಕಾರ್ಕಳ, ಉಡುಪಿ, ಕೆಮ್ಮಣ್ಣು, ಉಚ್ಚಿಲ, ಎಲ್ಲ ಕಡೆಯ ಜನ ಸೇರಿದರು. ಯಾವ ಗುಂಪಿನ ರಕ್ತ ಬೇಕು, ಯಾವ ವಾರ್ಡು, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟು ಮಾತ್ರ ಹಾಕಬೇಕು. ಪೇಶೆಂಟಿನ ಹೆಸರು ಬೇಡ. ಕೊಟ್ಟು ಬಂದವರು ಹತ್ತಿ ಒತ್ತಿಕೊಂಡ ತಮ್ಮ ಮೊಣಕೈಯ ಫೋಟೋ ಹಾಕಬೇಕು. ಆಗ ಆ ಕೆಲಸ ಮುಗಿಯಿತೆಂದು ಲೆಕ್ಕ. ಮೊದಮೊದಲು ಕೆಲವರು ಮಂಚದಲ್ಲಿ ಮಲಗಿ ಹೆಬ್ಬೆರಳೆತ್ತಿ ನಗುವ ಫೋಟೋ ಹಾಕಿದರು. ಇವರು ಅಳಿಸಿ, ಕೆಳಗೆ ಬರೆದರು: ‘ಮುಖ ಬೇಡ, ಮೊಣಕೈ ಸಾಕು.’ ಧನ್ಯವಾದ ಹೇಳುವಂತಿಲ್ಲ. ದೇವರು ಒಳ್ಳೆಯದು ಮಾಡಲಿ ಎನ್ನುವಂತಿಲ್ಲ. ಹೂವಿನ ಚಿತ್ರವಿರುವ ಶುಭೋದಯ ಹಾಕುವಂತಿಲ್ಲ, ಅಂಗೈಯೆತ್ತಿದ ಚಿತ್ರದ ಶುಭೋದಯವೂ ಇಲ್ಲ. ಎರಡರ ಅರ್ಥವೂ ಎಲ್ಲರಿಗೆ ಗೊತ್ತಿತ್ತು.

ಅವರು ಒಳ್ಳೆಯ ಅಡ್ಮಿನ್ ಆಗಿದ್ದರು ಎಂದು ಈಗ ಹೇಳುವವರು ಆಗ ಅವರ ಕೈಯಲ್ಲಿ ಉಗಿಸಿಕೊಂಡವರೇ. ದೊಡ್ಡ ದೊಡ್ಡ ಮುಖಂಡರನ್ನು ಒಂದು ಹೂವಿಗಾಗಿ ಗುಂಪಿನಿಂದ ಹೊರಗೆ ಹಾಕಿದರು. ಸ್ವಂತ ಭಾವನನ್ನು ಒಂದು ವಿಡಿಯೋಗಾಗಿ ಹೊರಗೆ ಹಾಕಿದರು. ಹೊರಗೆ ಬಿದ್ದವರು ಮಣಿಪಾಲಕ್ಕೆ ಬಂದು, ನಿಲ್ದಾಣದಲ್ಲಿ ಅವರ ಎದುರು ನಿಂತು ಕೇಳಿಕೊಳ್ಳಬೇಕಿತ್ತು. ಇವರು ಒಂದೆರಡು ಬಸ್ಸು ಹೋಗುವ ತನಕ ಅವರ ಕಡೆ ತಿರುಗುತ್ತಲೇ ಇರಲಿಲ್ಲ. ಆ ಗತ್ತು ನನಗೆ ಸೇರುತ್ತಿರಲಿಲ್ಲ, ಹೇಳಿಯೂ ಇದ್ದೆ.

‘ಹಾಗೆ ಮಾಡದಿದ್ರೆ ನಾಳೆ ಇದು ಪಕ್ಷದ ಬಸ್ಸಾಗ್ತದೆ’ ಎಂದರು.

ಅವರದು ಯಾವ ಪಕ್ಷ ಎಂದು ಕಂಡುಹಿಡಿಯುವುದು ಗುಂಪಿನವರಿಗೆ ಒಂದು ಆಟವಾಗಿತ್ತು. ಅವರು ಓದುವ ಪೇಪರು ನೋಡಿದರು, ಯಾರ ಮದುವೆಗೆ ಹೋದರೆಂದು ನೋಡಿದರು. ಒಬ್ಬ ಕಂಡಕ್ಟರ್ ಅಂತೂ ನೇರವಾಗಿ ಕೇಳಿದ್ದು ನನಗೆ ನೆನಪಿದೆ.

‘ಟೈಮಣ್ಣ, ನೀವು ನಿಜವಾಗಿ ಯಾವ ಕಡೆ?’

‘ಕಾರ್ಕಳ ಕಡೆ. ನಿನ್ನ ಟೈಮ್ ಆಯ್ತು, ಹೊರಡು.’

ಮಾತು ಅದೇ. ಅಂದು ಮಳೆ ಇತ್ತೋ ಬಿಸಿಲಿತ್ತೋ, ಬಸ್ಸಿನವರೆಲ್ಲ ನಕ್ಕರೋ ನಾನೊಬ್ಬಳೇ ನಕ್ಕೆನೋ ಗೊತ್ತಿಲ್ಲ.

ಆಟ ಆಟವಾಗಿ ಉಳಿಯಲಿಲ್ಲ. ಒಂದು ಸಂಜೆ ಬಸ್ಸಿಗೆ ಕಾಯುತ್ತಾ ಅವರ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಫೋನ್ ಬಂತು. ಆ ಕಡೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ.

‘ಹೌದು, ನಾಳೆ ಬೆಳಿಗ್ಗೆ ಆಪರೇಷನ್. ಎ ಪಾಸಿಟಿವ್.’ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ‘ಎ ಪಾಸಿಟಿವ್ ಅಂತ ಹೇಳಿದೆನಲ್ಲ.’ ಮತ್ತೆ ಕೇಳಿಸಿಕೊಂಡರು. ‘ಪೇಶೆಂಟಿನ ಹೆಸರೇ ಅದು ಮಾರಾಯ. ಎ ಪಾಸಿಟಿವ್. ಅಪ್ಪನ ಹೆಸರೂ ಅದೇ.’

ಫೋನ್ ಜೇಬಿಗೆ ಹಾಕಿದರು.

‘ಮೊದಲು ಎಷ್ಟೊತ್ತಿಗೆ ಬರ್ಬೇಕು ಅಂತ ಕೇಳ್ತಿದ್ರು ಟೀಚರೇ. ಈಗ ಯಾರು ಅಂತ ಕೇಳ್ತಾರೆ. ಯಾರು ಅಂತ ಗೊತ್ತಾದ ಮೇಲೆ ಕೆಲವರಿಗೆ ಜ್ವರ ಬರ್ತದೆ.’

ಅದು ಎರಡೂ ಕಡೆಯವರಿಗೆ ಬರುತ್ತಿದ್ದ ಜ್ವರ. ಗುಂಪಿನೊಳಗೆ ಹೂವಿಲ್ಲ, ಅಂಗೈ ಇಲ್ಲ, ಸ್ವಚ್ಛ. ಎಲ್ಲ ಫೋನಿನಲ್ಲಿ ನಡೆಯುತ್ತಿತ್ತು.

ಇಂಥವರು ಕಳೆದ ವಿಧಾನಸಭೆ ಚುನಾವಣೆಗೆ ಬೂತ್ ಏಜೆಂಟಾಗಿ ಕೂರಲು ಯಾಕೆ ಒಪ್ಪಿದರು? ಅವರ ಉತ್ತರಕ್ರಿಯೆಯ ಊಟದಲ್ಲಿ ಇದಕ್ಕೆ ಬೇಕಾದಷ್ಟು ಕಾರಣಗಳು ಬಡಿಸಲ್ಪಟ್ಟವು. ಗುಂಪಿನವರ ಮೇಲಿನ ಸಿಟ್ಟು ಎಂದರು, ಮಾಲಕರ ಒತ್ತಡ ಎಂದರು, ನಿವೃತ್ತಿಯ ಮೇಲೆ ಪಂಚಾಯತಿಗೆ ನಿಲ್ಲುವ ಆಸೆ ಎಂದರು. ನನಗೆ ಗೊತ್ತಿರುವುದು ಅವರೇ ಹೇಳಿದ್ದು ಮಾತ್ರ. ಅದೂ ಪೂರ್ತಿ ಕಾರಣವೋ ಅಲ್ಲವೋ ತಿಳಿಯದು.

ಬೂತ್ ಏಜೆಂಟ್ ಎಂದರೆ ಪಕ್ಷದ ಪರವಾಗಿ ಮತಗಟ್ಟೆಯೊಳಗೆ ಕೂತು, ಓಟು ಹಾಕಲು ಬಂದವರು ಅವರೇ ಹೌದೋ ಎಂದು ನೋಡುವವನು. ದುಬೈಯಲ್ಲಿರುವವನ ಹೆಸರಿನಲ್ಲಿ ಇನ್ನೊಬ್ಬ ಬಂದರೆ ತಡೆಯುವವನು. ನಮ್ಮ ಬೂತಿನಲ್ಲಿ ಅವರ ಪಕ್ಷಕ್ಕೆ ಕೂರುವವರೇ ಸಿಗುತ್ತಿರಲಿಲ್ಲ. ಊರಿನಲ್ಲಿ ಆ ಪಕ್ಷಕ್ಕೆ ಓಟು ಹಾಕುವವರಿದ್ದರು. ಹಾಕುತ್ತೇವೆ ಎಂದು ಬೆಳಕಿನಲ್ಲಿ ಕೂತು ತೋರಿಸುವವರಿರಲಿಲ್ಲ. ಪ್ರತಿ ಚುನಾವಣೆಯಲ್ಲೂ ಆ ಕುರ್ಚಿ ಖಾಲಿ.

‘ಅದು ಖಾಲಿ ಕಾಣುವಾಗ ನನಗೆ ಆಗುದಿಲ್ಲ’ ಎಂದರು. ‘ನನಗೂ ಒಂದು ಪಕ್ಷ ಉಂಟು ಟೀಚರೇ. ಇಷ್ಟು ವರ್ಷ ಬಾಯಲ್ಲಿ ಬಿಸಿ ಗೋಳಿಬಜೆ ಇಟ್ಟುಕೊಂಡವನ ಹಾಗೆ ಇದ್ದೆ. ಒಮ್ಮೆ ಕೂರ್ತೇನೆ.’

‘ಗುಂಪು ಒಡೀತದೆ’ ಎಂದೆ.

‘ಕೂರುದು ಒಂದು ದಿನ. ಗುಂಪು ಹತ್ತು ವರ್ಷದ್ದು. ಒಂದು ದಿನಕ್ಕೆ ಹತ್ತು ವರ್ಷ ಹೋಗ್ತದಾ?’

‘ಹೋಗ್ತದೆ.’

ಅವರು ಕೆಮ್ಮು ಬರುವ ತನಕ ನಕ್ಕರು. ‘ನೀವು ಮಕ್ಕಳಿಗೆ ಹೆದರಿಸಿ ಹೆದರಿಸಿ ಅಭ್ಯಾಸ. ನಾನು ಅವರ ರಕ್ತ ನೋಡಿದವ. ಅವರು ಹಾಗೆ ಮಾಡುದಿಲ್ಲ.’

ಮತದಾನದ ಬೆಳಿಗ್ಗೆ ಅವರು ಬಿಳಿ ಅಂಗಿ ಹಾಕಿ, ಬ್ಯಾಡ್ಜ್ ಚುಚ್ಚಿಕೊಂಡು ನಮ್ಮೂರ ಶಾಲೆಗೆ ಬಂದರು. ಒಳಗೆ ಫೋನ್ ಒಯ್ಯುವಂತಿಲ್ಲ, ಮನೆಯಲ್ಲೇ ಬಿಟ್ಟಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಎದುರು ಪಕ್ಷದ ಏಜೆಂಟ್, ಉಚ್ಚಿಲದ ಕಡೆ ಬೋಟು ಇಟ್ಟುಕೊಂಡಿದ್ದ ನಮ್ಮೂರಿನವರು. ಇಬ್ಬರೂ ಬಹಳ ಕಾಲದ ಪರಿಚಿತರು. ಬೋಟಿನವರು ಮನೆಯಿಂದ ಕಟ್ಟಿಕೊಂಡು ಬಂದ ಮೂಡೆ ಕಡುಬನ್ನು ಅರ್ಧ ಇವರಿಗೆ ಕೊಟ್ಟರಂತೆ. ಒಮ್ಮೆ ಚಹಾಕ್ಕೆಂದು ಗೇಟಿನ ಹತ್ತಿರ ಬಂದಾಗ ಯಾರೋ ಫೋಟೋ ತೆಗೆದರು. ಈಗ ಫ್ಲೆಕ್ಸಿನಲ್ಲಿರುವುದು ಅದೇ. ಸ್ವಲ್ಪ ಹೊತ್ತಿನಲ್ಲಿ ಅದು ಬೇರೆ ಬೇರೆ ಗುಂಪುಗಳಲ್ಲಿ ತಿರುಗಿತು: ‘ರಕ್ತದ ಹಿಂದಿನ ಬಣ್ಣ ನೋಡಿ.’

ನಾನು ಓಟಿನ ಸಾಲಿನಲ್ಲಿ ನಿಂತು ಫೋನ್ ನೋಡುತ್ತಿದ್ದೆ. ‘ರಕ್ತ ಮಣಿಪಾಲ’ದಲ್ಲಿ ಒಬ್ಬೊಬ್ಬರಾಗಿ ಗುಂಪು ಬಿಡುತ್ತಿದ್ದರು. ಇಂಥವರು ಬಿಟ್ಟರು, ಇಂಥವರು ಬಿಟ್ಟರು ಎಂಬ ಸಾಲುಗಳು ಮಾತ್ರ ಒಂದರ ಕೆಳಗೊಂದು ಬೀಳುತ್ತಿದ್ದವು. ಆ ಸಾಲುಗಳ ನಡುವೆ ಒಂದು ಕೋರಿಕೆ ಬಂತು. ಬಿ ನೆಗೆಟಿವ್, ಹೆರಿಗೆ ವಾರ್ಡ್, ತುರ್ತು. ಹಾಕಿದವನು ಉಚ್ಚಿಲದ ಹುಡುಗ, ಬಾಣಂತಿಯಾಗಲಿದ್ದವಳ ತಮ್ಮ. ಆ ಮನೆಯವರು ಎದುರು ಪಕ್ಷದ ಗಟ್ಟಿ ಜನ ಎಂಬುದು ಊರಿಗೆಲ್ಲ ಗೊತ್ತು. ಗುಂಪಿನಲ್ಲಿದ್ದ ಬಿ ನೆಗೆಟಿವ್‌ಗಳಲ್ಲಿ ಒಬ್ಬ ಕತಾರಿನಲ್ಲಿದ್ದ, ಒಬ್ಬ ಆಗಷ್ಟೇ ಗುಂಪು ಬಿಟ್ಟಿದ್ದ. ಮೂರನೆಯವರು ಟೈಮಣ್ಣ.

ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದೆ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಏಜೆಂಟರ ಮುಂದೆ ಹಾದುಹೋಗುವಾಗ ಬಗ್ಗಿ ಎರಡೇ ಮಾತು ಹೇಳಿದೆ: ‘ಬಿ ನೆಗೆಟಿವ್. ಹೆರಿಗೆ ವಾರ್ಡ್.’

‘ಮೇಡಂ, ಏಜೆಂಟರ ಹತ್ರ ಮಾತಾಡ್ಲಿಕ್ಕಿಲ್ಲ’ ಎಂದು ಮತಗಟ್ಟೆ ಅಧಿಕಾರಿ ಗದರಿದರು.

ನಾನು ಓಟು ಹಾಕಿ ತಿರುಗುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ಬೋಟಿನವರು ಕೇಳುತ್ತಿದ್ದರು: ‘ಎಂತಾಯ್ತು ಟೈಮಣ್ಣ?’

‘ಮಣಿಪಾಲಕ್ಕೆ ಹೋಗ್ಲಿಕ್ಕುಂಟು. ರಕ್ತ. ನನ್ನ ಕುರ್ಚಿಗೆ ಬದಲಿ ಜನ ಇಲ್ಲ ಮಾರಾಯ.’

‘ನೀವು ಹೋಗಿ. ನಿಮ್ಮ ಕುರ್ಚಿ ನಾನು ನೋಡಿಕೊಳ್ತೇನೆ.’

ಈ ಮಾತುಗಳು ಖಚಿತ. ನಾನು ಅಲ್ಲೇ ಇದ್ದೆ. ಅವರು ಆ ಕುರ್ಚಿಯನ್ನು ಒಮ್ಮೆ ನೋಡಿದರೆಂದು ಬರೆಯುವ ಆಸೆಯಾಗುತ್ತದೆ. ನೋಡಲಿಲ್ಲ. ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕಿಕೊಂಡು ನನ್ನ ಮುಂದೆಯೇ ಹೊರಗೆ ಓಡಿದರು.

ಹೆದ್ದಾರಿಗೆ ಬಂದರೆ ಬಸ್ಸಿಲ್ಲ. ಬಸ್ಸುಗಳನ್ನು ಚುನಾವಣೆ ಕೆಲಸಕ್ಕೆ ತೆಗೆದುಕೊಂಡಿದ್ದರು. ಇಡೀ ಜಿಲ್ಲೆಯಲ್ಲಿ ಅದು ಗೊತ್ತಿರಬೇಕಾದವರು ಯಾರಾದರೂ ಇದ್ದರೆ ಅವರೇ. ಮಣಿಪಾಲ ಎಂದ ಕೂಡಲೇ ಬಸ್ಸು ಬರುತ್ತದೆ ಎಂದು ಅವರ ಕಾಲುಗಳು ನಂಬಿದ್ದವು. ಓಟಿಗೆ ಬಂದವರ ಬೈಕುಗಳು ಶಾಲೆಯ ಗೋಡೆಗೆ ಸಾಲಾಗಿ ನಿಂತಿದ್ದವು. ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಕೇಳಲು ಅವರಿಗೆ ಹೊಳೆಯಲಿಲ್ಲ. ನನ್ನ ಗಂಡನ ಬೈಕೂ ಅಲ್ಲೇ ಇತ್ತು. ಗಂಡನೂ ಓಟು ಹಾಕಿದ ಮೇಲೆ ನಾವು ಗೇಟಿನ ಹೊರಗೆ ಬಂದು ನೋಡುವಾಗ ಅವರು ಕಾಣಲಿಲ್ಲ. ಸಿಕ್ಕಿದ ಬಸ್ಸಿಗೆ ಹೋಗಿರಬೇಕು ಎಂದುಕೊಂಡೆವು. ಬಹಳ ಹೊತ್ತಿನ ಮೇಲೆ ಮಲ್ಪೆಗೆ ಹೋಗುವ ಮೀನಿನ ಗಾಡಿಯೊಂದು ತಮ್ಮನ್ನು ಉಡುಪಿಯ ತನಕ ಬಿಟ್ಟಿತು ಎಂದು ಅವರು ಹೇಳಿದರು. ಮೀನಿನದ್ದಲ್ಲ, ಐಸಿನ ಗಾಡಿ ಎಂದು ಆಮೇಲೆ ಬೇರೆಯವರು ಹೇಳಿದರು. ಅಲ್ಲಿಂದ ರಿಕ್ಷಾ.

ಆಸ್ಪತ್ರೆಗೆ ತಲುಪುವಾಗ ಕೆಲಸ ಮುಗಿದಿತ್ತು. ಹಾಸ್ಟೆಲಿನ ಒಬ್ಬ ವಿದ್ಯಾರ್ಥಿ ಬಂದು ಕೊಟ್ಟಿದ್ದ. ತಾಯಿಯೂ ಮಗುವೂ ಸುಖವಾಗಿದ್ದರು. ‘ನಿಮ್ಮದು ಇನ್ನೊಮ್ಮೆಗೆ ಇರ್ಲಿ ಅಣ್ಣ, ಬಿಸಿಲಿಗೆ ಬಂದಿದ್ದೀರಿ, ಒಂದು ಜ್ಯೂಸ್ ಕುಡೀರಿ’ ಎಂದು ರಕ್ತನಿಧಿಯ ಹುಡುಗಿ ಹೇಳಿದಳಂತೆ. ಕುಡಿಯದೆ ಹೊರಟರು. ಮತ್ತೆ ಬಸ್ಸಿಲ್ಲದ ದಾರಿ. ಅವರು ಶಾಲೆಗೆ ಮರಳುವಾಗ ಮತಯಂತ್ರಕ್ಕೆ ಸೀಲು ಹಾಕುತ್ತಿದ್ದರು.

ಯಾರೂ ಸಾಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದು ಯಾರೋ ಸತ್ತ ಹಾಗೆ ನಡೆಯಿತು.

ಅಂದು ಸಂಜೆ ಆ ಹುಡುಗ ಗುಂಪಿನಲ್ಲಿ ಬರೆದ: ‘ಅಕ್ಕನಿಗೆ ಯಾರೋ ಸ್ಟೂಡೆಂಟ್ ರಕ್ತ ಕೊಟ್ಟರು. ನಮ್ಮ ಅಡ್ಮಿನ್‌ಗೆ ಇವತ್ತು ಬೇರೆ ಕೆಲಸ ಇತ್ತು.’ ಅದರ ಕೆಳಗೆ ಒಬ್ಬರ ಮೇಲೊಬ್ಬರು ಬರೆದರು. ಪೇಶೆಂಟ್ ಯಾರೆಂದು ಗೊತ್ತಾಗಿಯೇ ಹೋಗಲಿಲ್ಲ ಎಂದರು. ಮೊಣಕೈ ಫೋಟೋ ಎಲ್ಲಿ ಅಡ್ಮಿನ್ ಎಂದು ಕೇಳಿದರು. ಇವರು ಮನೆಗೆ ಬಂದು ಫೋನ್ ತೆಗೆದವರೇ ನಿಯಮದಂತೆ ಎಲ್ಲವನ್ನೂ ಅಳಿಸಿದರು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ನಾನು ಬರೆದೆ: ‘ಅವರು ಹೋಗಿದ್ದರು. ನಾನೇ ಹೇಳಿದ್ದು. ಬೂತ್ ಬಿಟ್ಟು ಹೋಗಿದ್ದರು.’

ಅದನ್ನೂ ಅಳಿಸಿದರು. ನನ್ನ ಹೆಸರಿನ ಮುಂದೆ, ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ ಎಂಬ ಸಾಲು ಉಳಿಯಿತು. ನನಗೆ ಫೋನುಗಳು ಬರತೊಡಗಿದವು. ‘ಟೀಚರೇ, ಎಂತ ಬರೆದಿದ್ರಿ? ಅಷ್ಟು ಉರಿ ಆಯ್ತಲ್ಲ ಅವರಿಗೆ. ಬೂತಿನಲ್ಲಿ ಬಗ್ಗಿ ಎಂತ ಹೇಳಿದ್ದು? ಹೋಗಿ ಅಂತ ನೀವು ಕೈಮುಗಿದದ್ದಂತೆ, ಅವರು ಒಪ್ಪಲಿಲ್ಲವಂತೆ?’ ನಾನು ಇದ್ದದ್ದನ್ನು ಹೇಳಿದರೆ, ‘ಹಾಗಾದ್ರೆ ಅವರು ಅಳಿಸಿದ್ದು ಯಾಕೆ?’ ಎನ್ನುತ್ತಿದ್ದರು. ಅದನ್ನು ಕೇಳಲು ಟೈಮಣ್ಣನಿಗೇ ಫೋನ್ ಮಾಡಿದೆ.

‘ಯಾಕೆ ಅಳಿಸಿದ್ರಿ?’

‘ನಿಯಮ ಟೀಚರೇ.’

‘ನಾನು ಹಾಕಿದ್ದು ಸತ್ಯ ಅಲ್ವಾ?’

‘ಸತ್ಯಕ್ಕೆ ಬೇರೆ ಗುಂಪು ಮಾಡಿ. ಇದು ರಕ್ತದ್ದು.’

‘ನಿಮ್ಮ ಮರ್ಯಾದೆ ಹೋಗ್ತಾ ಉಂಟು.’

‘ನನ್ನ ಹತ್ರ ಮೊಣಕೈ ಫೋಟೋ ಇಲ್ಲ. ನಾನು ಕೊಡ್ಲಿಲ್ಲ. ಬಸ್ಸು ತಪ್ಪಿದವ, ನಾನು ಸ್ಟಾಪಿನ ತನಕ ಓಡಿ ಬಂದಿದ್ದೆ ಅಂತ ಹೇಳಿದ್ರೆ ಬಸ್ಸು ತಿರುಗಿ ಬರ್ತದಾ?’

ಆಗ ಇದು ನಿಷ್ಠೆ ಎಂದುಕೊಂಡೆ. ಈಗ ಯೋಚಿಸಿದರೆ ಅದರಲ್ಲಿ ಆ ಹಳೆಯ ಗತ್ತೂ ಇತ್ತು: ಊರಿಡೀ ಬಂದು ಅವರ ಎದುರು ನಿಲ್ಲಬೇಕು, ಒಂದೆರಡು ಬಸ್ಸು ಹೋಗುವ ತನಕ ಅವರು ತಿರುಗುವುದಿಲ್ಲ. ಈ ಸಲ ಯಾರೂ ಬಂದು ನಿಲ್ಲಲಿಲ್ಲ.

ಅವರ ಪಕ್ಷದವರು ಮಾತ್ರ ಮನೆಗೇ ಬಂದರು. ಬೂತಿನಲ್ಲಿ ಎಂದಿನ ಹಾಗೆ ಸೋತಿದ್ದರು. ಈ ಸಲ ಕಾರಣ ಸಿಕ್ಕಿತ್ತು. ಕುರ್ಚಿ ಖಾಲಿಯಾದ ಹೊತ್ತಿನಲ್ಲಿ ಕೊಲ್ಲಿಯಲ್ಲಿರುವವರೆಲ್ಲ ಓಟು ಹಾಕಿದರಂತೆ. ಈ ಭಾಗ ನಾನು ಕೇಳಿದ್ದು ಅವರ ಹೆಂಡತಿಯ ಬಾಯಿಂದ. ಬಂದವರಲ್ಲಿ ಒಬ್ಬ ಜಗಲಿಯಲ್ಲಿ ಕೂತು, ಇವರ ಮುಖ ನೋಡದೆ ಕೇಳಿದನಂತೆ: ‘ಎದ್ದು ಹೋಗ್ಲಿಕ್ಕೆ ಅವರು ನಿಮಗೆ ಎಂತ ಕೊಟ್ರು ಅಣ್ಣ?’

‘ಒಂದು ಗ್ಲಾಸು ಜ್ಯೂಸ್ ಕೊಡ್ತೇವೆ ಅಂದ್ರು. ನಾನು ಕುಡೀಲಿಲ್ಲ.’

ಬಾಯಿ ತೆರೆಯಬೇಕಾಗಿದ್ದವರು ಒಬ್ಬರಿದ್ದರು, ಬೋಟಿನವರು. ಅವರು ಹೇಳಿದ್ದರೆ ಎರಡೂ ಕಡೆ ನಂಬುತ್ತಿದ್ದವು. ಮೀನು ಮಾರ್ಕೆಟಿನಲ್ಲಿ ನಾಲ್ಕು ಜನರ ಎದುರು ಯಾರೋ ಕೇಳಿದಾಗ ಅವರು, ‘ನಾನು ಬಂದವರ ಮುಖ ನೋಡ್ತಾ ಇದ್ದೆ. ಯಾರು ಎದ್ದು ಹೋದರು ಅಂತ ನೋಡ್ಲಿಲ್ಲ’ ಎಂದರು. ಎದುರಾಳಿಯ ಕುರ್ಚಿ ತಾನು ನೋಡಿಕೊಂಡೆ ಎಂದರೆ ತಮ್ಮ ಪಕ್ಷದ ಗೆಲುವಿಗೆ ಕಲೆ ಹತ್ತುತ್ತದೆ. ಮೂಡೆಯನ್ನು ಹಂಚಿಕೊಳ್ಳಬಹುದು, ಇದನ್ನು ಹಂಚಿಕೊಳ್ಳಲಾಗದು.

ಗುಂಪು ಎರಡಾಯಿತು. ಒಂದರ ಚಿತ್ರದಲ್ಲಿ ಒಂದು ಬಣ್ಣ, ಇನ್ನೊಂದರಲ್ಲಿ ಇನ್ನೊಂದು. ಎರಡರಲ್ಲೂ ಈಗ ಪೇಶೆಂಟಿನ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ. ದಾನಿಗಳ ನಗುಮುಖ ಇರುತ್ತದೆ, ಹಿಂದೆ ಶಾಲು ಹಾಕಿದ ಮುಖಂಡರು ಇರುತ್ತಾರೆ. ರಕ್ತ ಸಿಗುವುದಿಲ್ಲವೆಂದಲ್ಲ, ತಮ್ಮವರಿಗೆ ಬೇಗ ಸಿಗುತ್ತದೆ. ಘಟ್ಟದ ಮೇಲಿನಿಂದ ಬಂದು ಯಾವ ಕಡೆಯೂ ಅಲ್ಲದೆ ನಿಲ್ದಾಣದಲ್ಲಿ ನಿಲ್ಲುವವರಿಗೆ ತಡವಾಗುತ್ತದೆ.

ಹಳೆಯ ಗುಂಪನ್ನು ಅವರು ಮುಚ್ಚಲಿಲ್ಲ. ಅದರಲ್ಲಿ ಉಳಿದವರು ಅವರು, ನಾನು, ಕತಾರಿನವನು ಮತ್ತು ಬಿಡಲು ಮರೆತ ಕೆಲವರು. ಕೆಲವು ತಿಂಗಳಿಗೊಮ್ಮೆ, ಮತ್ತೆ ಕೊಡಬಹುದು ಎಂದಾದ ಕೂಡಲೇ, ಅವರು ರಕ್ತನಿಧಿಗೆ ಹೋಗಿ ಯಾರೂ ಕೇಳದೆ ಕೊಟ್ಟು ಬರುತ್ತಿದ್ದರು. ಗುಂಪಿನಲ್ಲಿ ಮೊಣಕೈಯ ಫೋಟೋ ಕಾಣಿಸುತ್ತಿತ್ತು. ಒಣಗಿದ, ನರ ಎದ್ದ ಕೈ, ಹತ್ತಿ, ಅದರ ಮೇಲೆ ಅಂಟುಪಟ್ಟಿ. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳುವಂತೆಯೂ ಇರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮಣಿಪಾಲದ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತವರು ಏಳಲಿಲ್ಲ. ಹೃದಯ. ಅವರ ಸಾವಿನ ಬಗ್ಗೆ ಈಗಾಗಲೇ ಎರಡು ಕಥೆಗಳು ಓಡಾಡುತ್ತಿವೆ. ಅವರಿಗೆ ರಕ್ತ ಬೇಕಾದಾಗ ಯಾರೂ ಬರಲಿಲ್ಲ ಎಂಬುದು ಒಂದು. ಆ ಹೆರಿಗೆಯ ಮಗುವಿನ ಹುಟ್ಟುಹಬ್ಬದ ದಿನವೇ ಹೋದರು ಎಂಬುದು ಇನ್ನೊಂದು. ಎರಡೂ ಸುಳ್ಳು. ಅವರಿಗೆ ರಕ್ತ ಬೇಕಾಗಿಯೇ ಇರಲಿಲ್ಲ. ಮಗು ಹುಟ್ಟಿದ್ದು ಮೇ ತಿಂಗಳ ಬಿಸಿಲಿನಲ್ಲಿ. ಅವರು ಹೋದದ್ದು ದೀಪಾವಳಿ ಮುಗಿದ ಮೇಲೆ. ಈ ಕಥೆಗಳನ್ನು ಹೇಳುವವರು ಕಣ್ಣೊರೆಸಿಕೊಳ್ಳುತ್ತಾರೆ. ಇವರೇ ಅಂದು ಒಬ್ಬೊಬ್ಬರಾಗಿ ಗುಂಪು ಬಿಟ್ಟವರು.

ಉತ್ತರಕ್ರಿಯೆಯ ಊಟದಲ್ಲಿ ಬೋಟಿನವರು ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಬಂದರು.

‘ಅವತ್ತು ನಾನು ಒಂದು ಮಾತು ಹೇಳ್ಬಹುದಿತ್ತು ಟೀಚರೇ.’

‘ಈಗ ಹೇಳಿ. ಎಲ್ಲರೂ ಇಲ್ಲೇ ಇದ್ದಾರೆ.’

ಅವರು ಚಪ್ಪರದ ಕಡೆ ನೋಡಿದರು. ‘ಈಗ ಬೇಡ. ಪಂಚಾಯತ್ ಎಲೆಕ್ಷನ್ ಹತ್ತಿರ ಬರ್ತಾ ಉಂಟು. ಶಿಬಿರ ಮಾಡ್ತಾ ಇದ್ದೇವಲ್ಲ ಅವರ ಹೆಸರಲ್ಲಿ. ದೊಡ್ಡ ಫ್ಲೆಕ್ಸ್ ಹಾಕಿಸಿದ್ದೇನೆ, ನನ್ನದೇ ಖರ್ಚು.’

ಹೆಂಡತಿ ಒಳಗೆ ಅವರ ಫೋನ್ ಹಿಡಿದುಕೊಂಡು ಕೂತಿದ್ದರು. ಅದನ್ನು ಆರಿಸಲು ಮನಸ್ಸಿಲ್ಲವಂತೆ. ದಿನಾ ಚಾರ್ಜ್ ಮಾಡುತ್ತಾರಂತೆ.

‘ಈಗಲೂ ಫೋನ್ ಬರ್ತದೆ ಟೀಚರೇ. ಎಲ್ಲೆಲ್ಲಿಂದಲೋ ಪೇಶೆಂಟಿನವರು. ಅವರು ತೀರಿಹೋದ್ರು ಅಂತ ಹೇಳಿದ್ರೆ, ಅಯ್ಯೋ ಹೌದಾ ಅಂತಾರೆ. ಮತ್ತೆ, ಬೇರೆ ನಂಬರ್ ಉಂಟಾ ಅಂತ ಕೇಳ್ತಾರೆ. ಯಾವ ನಂಬರ್ ಕೊಡ್ಲಿ ನಾನು? ಎರಡುಂಟಲ್ಲ.’

ಆ ಭಾನುವಾರ ನಾನು ಎರಡು ಶಿಬಿರಗಳಿಗೂ ಹೋಗಲಿಲ್ಲ. ಸೋಮವಾರ ಶಾಲೆಯಿಂದ ಬರುತ್ತಾ ಮಣಿಪಾಲದಲ್ಲಿ ಇಳಿದು ರಕ್ತ ಕೊಟ್ಟೆ. ನಿಲ್ದಾಣದಲ್ಲಿ ಹೊಸ ಟೈಮ್‌ಕೀಪರ್, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡ ಹುಡುಗ, ಬಸ್ಸುಗಳನ್ನು ಬೈಯದೆ ಕಳಿಸುತ್ತಿದ್ದ. ಬೆಂಚಿನಲ್ಲಿ ಕೂತು ಮೊಣಕೈಯ ಫೋಟೋ ತೆಗೆದು ‘ರಕ್ತ ಮಣಿಪಾಲ’ದಲ್ಲಿ ಹಾಕಿದೆ. ಬಿಡಲು ಮರೆತವರೆಲ್ಲ, ನಾನು ಅವರ ಸಾವಿನ ಸುದ್ದಿ ಹಾಕಿದಾಗ ನೆನಪಾಗಿ, ಗುಂಪು ಬಿಟ್ಟಿದ್ದರು. ಉಳಿದವನು ಕತಾರಿನವನೊಬ್ಬನೇ. ಬಸ್ಸು ಉಡುಪಿ ತಲುಪುವಾಗ ಅವನ ಸಂದೇಶ ಬಂತು.

‘ಯಾರಿಗೆ ಕೊಟ್ಟದ್ದು?’

ಅದನ್ನು ಅಳಿಸುವವರಿಗಾಗಿ ನಾನು ಉದ್ಯಾವರದ ತನಕ ಕಾದೆ, ಮೂರ್ಖಳ ಹಾಗೆ. ಫ್ಲೆಕ್ಸ್ ದಾಟಿತು. ಆಮೇಲೆ ಟೈಪ್ ಮಾಡಿದೆ: ‘ಒ ಪಾಸಿಟಿವ್.’

‘ಅದಲ್ಲ. ಪೇಶೆಂಟ್ ಯಾರು ಅಂತ.’

‘ಒ ಪಾಸಿಟಿವ್.’

ಕಾಪುವಿನಲ್ಲಿ ಇಳಿದು ನೋಡುವಾಗ ಅವನೂ ಗುಂಪು ಬಿಟ್ಟ ಸಾಲು ಬಿದ್ದಿತ್ತು. ಈಗ ಅದರಲ್ಲಿ ಎರಡು ನಂಬರುಗಳಿವೆ. ಒಂದು ನನ್ನದು. ಇನ್ನೊಂದರ ಪಕ್ಕದಲ್ಲಿ ಅಡ್ಮಿನ್ ಎಂದಿದೆ.